ಸೆಕೆಂಡಿನ ಅರವತ್ತನೇ ಒಂದು ಪಾಲು

1965ರಲ್ಲಿ ಕೋಲಾರದ ಚಿನ್ನದ ಗಣಿಯ, ಅಂದರೆ ಕೆಜಿಎಫ್‌ನ, ಚಾಂಪಿಯನ್ ರೀಫ್‌ನಲ್ಲಿ, ನೆಲಮಟ್ಟದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮೂರು ದೇಶಗಳ ವಿಜ್ಞಾನಿಗಳು ಸೇರಿ ಒಂದು ಉಪಕರಣ ಹೂಡಿದ್ದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಅದರಲ್ಲಿ ಪಾಲುದಾರರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಹಿಡಿಯುವುದು ಅವರ ಉದ್ದೇಶ. ಎದುರುಬದುರಾಗಿ ಎರಡು ಗೋಡೆ ನಿಲ್ಲಿಸಿದ್ದರು. ಆ ಗೋಡೆಗಳು ಇಟ್ಟಿಗೆಯವಲ್ಲ. ಕಣ ಹಾದರೆ ಮಿನುಗುವ ಪ್ಲಾಸ್ಟಿಕ್ಕಿನವು. ನಡುವೆ ಸಾಲುಸಾಲಾಗಿ ನಿಯಾನ್ ಕೊಳವೆಗಳು. ಒಂದೇ ಗೋಡೆ ಮಿನುಗಿದರೆ ಲೆಕ್ಕಕ್ಕಿಲ್ಲ, ಬಂಡೆಯೊಳಗಿನ ವಿಕಿರಣವೂ ಅಷ್ಟು ಮಾಡಬಲ್ಲದು. ಎರಡೂ ಗೋಡೆ ಒಂದೇ ಕ್ಷಣಕ್ಕೆ ಮಿನುಗಿದರೆ ಮಾತ್ರ ವಿದ್ಯುತ್ ಮಂಡಲ ‘ಇದು ಘಟನೆ’ ಎಂದು ತೀರ್ಮಾನಿಸಿ ಕೊಳವೆಗಳಿಗೆ ಭಾರೀ ವೋಲ್ಟೇಜ್ ಹರಿಸುತ್ತಿತ್ತು. ಕಣ ಹೋದ ದಾರಿ ಬೆಳಗುತ್ತಿತ್ತು, ಕ್ಯಾಮೆರಾ ಚಿತ್ರ ತೆಗೆಯುತ್ತಿತ್ತು. ವಾತಾವರಣದ ನ್ಯೂಟ್ರಿನೊಗಳ ಗುರುತು ಜಗತ್ತಿನಲ್ಲಿ ಮೊದಲು ಸಿಕ್ಕಿದ್ದು ಅದೇ ವರ್ಷ: ಒಂದು ಇಲ್ಲಿ, ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ.

ಆ ಪ್ರಯೋಗದ ಜೀವಾಳವೆಲ್ಲ ಒಂದು ಪ್ರಶ್ನೆಯಲ್ಲಿತ್ತು. ಎರಡು ಸಂಗತಿ ನಿಜವಾಗಿಯೂ ಒಂದೇ ಕ್ಷಣದಲ್ಲಿ ನಡೆದವೇ? 26 ವರ್ಷ ಕಳೆದು, 1991ರಲ್ಲಿ, ಅದೇ ಒಸಾಕಾ ನಗರದಿಂದ ಬಂದ ಒಂದು ಆಟ ಇದೇ ಪ್ರಶ್ನೆಯನ್ನು ಸೆಕೆಂಡಿಗೆ 60 ಸಲ ಕೇಳತೊಡಗಿತು. ಅದು ಕ್ಯಾಪ್‌ಕಾಂ ಕಂಪನಿಯ ‘ಸ್ಟ್ರೀಟ್ ಫೈಟರ್ 2’. ಈ ಅಧ್ಯಾಯದ ವಿಷಯ ಆ ಆಟ, ಮತ್ತು ಅದಕ್ಕಿಂತ ಹೆಚ್ಚಾಗಿ ಅದನ್ನು ಮತ್ತೆಮತ್ತೆ ಹೊಸದಾಗಿಸಲು ನಡೆದ ಪ್ರಯತ್ನ. ಹಳೆಯ ಆಟಕ್ಕೆ ಹೊಸ ಬಣ್ಣ ಬಳಿಯುವುದು ಸುಲಭ. ಅದರ ಕಾಲವನ್ನು ಕೆಡದಂತೆ ಉಳಿಸಿಕೊಳ್ಳುವುದು ಕಷ್ಟ. ಆಟದ ಪ್ರಾಣ ಇರುವುದು ಆ ಕಾಲದಲ್ಲೇ.

ಗುದ್ದಿನ ಒಳಗೆ

1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಯಂಥ ಊರುಗಳವರೆಗೆ ವಿಡಿಯೊ ಗೇಮ್ ಅಂಗಡಿಗಳ ಕಾಲ. ಕಾಯಿನ್ ಹಾಕಬೇಕು, ಜಾಯ್‌ಸ್ಟಿಕ್ ಹಿಡಿಯಬೇಕು, ಸೋತರೆ ಪಕ್ಕದವನಿಗೆ ಜಾಗ ಬಿಡಬೇಕು. ಭಾರತದಾದ್ಯಂತ ಹುಡುಗರು ‘ಮುಸ್ತಫಾ’ ಎಂದು ಕರೆಯುತ್ತಿದ್ದ ಆಟ ಇದೇ ಕ್ಯಾಪ್‌ಕಾಂ ಮನೆಯದು. 1993ರ ಆ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಮುಸ್ತಫಾ ಅದರೊಳಗಿನ ಒಂದು ಪಾತ್ರ. ಅದರಲ್ಲಿ ಜೊತೆಗಾರರೆಲ್ಲ ಸೇರಿ ಯಂತ್ರದ ವಿರುದ್ಧ ಹೊಡೆದಾಡಬೇಕು. ಸ್ಟ್ರೀಟ್ ಫೈಟರ್ 2ರಲ್ಲಿ ಎದುರಾಳಿ ಪಕ್ಕದಲ್ಲೇ ನಿಂತಿರುವ ಮನುಷ್ಯ. ಎಂಟು ಜನ ಹೋರಾಟಗಾರರಲ್ಲಿ ಒಬ್ಬರನ್ನು ಆರಿಸಿಕೊಂಡು, ಎರಡೇ ಆಯಾಮದ ಪರದೆಯ ಮೇಲೆ ಎಡಬಲ ಓಡಾಡುತ್ತ, ನೆಗೆಯುತ್ತ, ಗುದ್ದಾಡಬೇಕು. ಆ ಎಂಟರಲ್ಲಿ ಒಬ್ಬ ಭಾರತದ ಯೋಗಿ, ಕೈಕಾಲನ್ನು ಉದ್ದಕ್ಕೆ ಚಾಚಬಲ್ಲ ಧಲ್ಸಿಂ.

ಈ ಆಟ ಓಡುತ್ತಿದ್ದ ಬೋರ್ಡಿನ ಮೇಲೆ 10 ಮೆಗಾಹರ್ಟ್ಸ್ ವೇಗದ ಮೋಟೊರೋಲಾ 68000 ಪ್ರೊಸೆಸರ್, ಸದ್ದಿಗೆಂದು ಇನ್ನೊಂದು ಜೆಡ್80. ಚಿತ್ರ 384 ಅಡ್ಡ, 224 ಉದ್ದದ ಚುಕ್ಕಿಗಳಲ್ಲಿ ಮೂಡುತ್ತಿತ್ತು. ಈಗಿನ ಸಾಧಾರಣ ಮೊಬೈಲಿನ ಮುಂದೆ ಇದು ಏನೂ ಅಲ್ಲ. ಆದರೆ ಈ ಯಂತ್ರ ತನ್ನ ಶಿಸ್ತನ್ನು ಎಂದೂ ಮುರಿಯುತ್ತಿರಲಿಲ್ಲ. ಸೆಕೆಂಡಿಗೆ ಸುಮಾರು 60 ಸಲ ಅದು ಜಾಯ್‌ಸ್ಟಿಕ್ ಎತ್ತ ವಾಲಿದೆ, ಯಾವ ಗುಂಡಿ ಒತ್ತಿದೆ ಎಂದು ನೋಡುತ್ತದೆ. ಇಬ್ಬರನ್ನೂ ಒಂದು ಹೆಜ್ಜೆ ಮುಂದೆ ಸರಿಸುತ್ತದೆ. ಯಾರಿಗೆ ಏಟು ಬಿತ್ತೆಂದು ತೀರ್ಮಾನಿಸುತ್ತದೆ. ಪರದೆಗೆ ಹೊಸ ಚಿತ್ರ ಕಳಿಸುತ್ತದೆ. ಇಂಥ ಒಂದು ಸುತ್ತಿಗೆ ಫ್ರೇಮ್ ಎನ್ನುತ್ತಾರೆ. ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡು. ಆಟದ ಲೋಕದಲ್ಲಿ ಅದಕ್ಕಿಂತ ಚಿಕ್ಕ ಕಾಲವೇ ಇಲ್ಲ.

ಒಂದು ಗುದ್ದನ್ನು ಬಿಡಿಸಿ ನೋಡೋಣ. ಗುಂಡಿ ಒತ್ತಿದ ಕೂಡಲೇ ಏಟು ಬೀಳುವುದಿಲ್ಲ. ಮೊದಲ ಕೆಲವು ಫ್ರೇಮುಗಳಲ್ಲಿ ಕೈ ಎತ್ತುತ್ತದೆ, ಆಗ ಅದರಿಂದ ಯಾರಿಗೂ ಅಪಾಯವಿಲ್ಲ. ಮುಂದಿನ ಕೆಲವು ಫ್ರೇಮುಗಳಲ್ಲಿ ಏಟು ‘ಜೀವಂತ’. ಕೊನೆಯ ಕೆಲವು ಫ್ರೇಮುಗಳಲ್ಲಿ ಕೈ ಹಿಂದಕ್ಕೆ ಬರುತ್ತದೆ, ಆಗ ಹೊಡೆದವನೇ ಅಸಹಾಯಕ. ಹಗುರ ಗುದ್ದಿನಲ್ಲಿ ಮೂರೂ ಹಂತ ಚಿಕ್ಕವು. ಭಾರೀ ಒದೆತದಲ್ಲಿ ಮೂರೂ ದೊಡ್ಡವು, ತಪ್ಪಿದರೆ ಬೆಲೆ ತೆರಬೇಕು.

ಏಟು ತಗಲಿತೇ ಎಂದು ಯಂತ್ರ ತಿಳಿಯುವ ಬಗೆಯೂ ಸರಳ. ಕಣ್ಣಿಗೆ ಕಾಣುವ ಚಿತ್ರವನ್ನು ಅದು ನೋಡುವುದೇ ಇಲ್ಲ. ಪ್ರತಿ ಭಂಗಿಯ ಮೇಲೂ ಕಾಣದ ಆಯತಗಳನ್ನು ಹಾಸಿರುತ್ತಾರೆ. ಹೊಡೆಯುವ ಆಯತ ಹಿಟ್‌ಬಾಕ್ಸ್, ಹೊಡೆಸಿಕೊಳ್ಳುವ ಆಯತ ಹರ್ಟ್‌ಬಾಕ್ಸ್. ಒಬ್ಬನ ಹಿಟ್‌ಬಾಕ್ಸ್ ಇನ್ನೊಬ್ಬನ ಹರ್ಟ್‌ಬಾಕ್ಸನ್ನು ಒಂದೇ ಫ್ರೇಮಿನಲ್ಲಿ ಮುಟ್ಟಿದರೆ ಏಟು ಬಿತ್ತು. ಚಿತ್ರದಲ್ಲಿ ಕಾಲು ಎದುರಾಳಿಯ ಎದೆ ಸವರಿಕೊಂಡು ಹೋದಂತೆ ಕಂಡರೂ ಆಯತಗಳು ಮುಟ್ಟದಿದ್ದರೆ ಏನೂ ಆಗಿಲ್ಲ. ಚಾಂಪಿಯನ್ ರೀಫ್‌ನ ಎರಡು ಗೋಡೆಗಳ ತರ್ಕವೇ ಇಲ್ಲೂ ಇದೆ. ಎರಡು ಷರತ್ತು ಒಂದೇ ಕಾಲಖಂಡದೊಳಗೆ ಕೂಡಿದರೆ ಘಟನೆ, ಇಲ್ಲವಾದರೆ ಇಲ್ಲ.

ಇನ್ನು ಮನುಷ್ಯನ ಪಾಲು. ಕಣ್ಣಿಗೆ ಬಿದ್ದದ್ದನ್ನು ಮೆದುಳು ಗುರುತಿಸಿ ಬೆರಳಿಗೆ ಆಜ್ಞೆ ಕೊಡಲು ಸುಮಾರು 200ರಿಂದ 250 ಮಿಲಿಸೆಕೆಂಡು ಬೇಕು, ಅಂದರೆ 12ರಿಂದ 15 ಫ್ರೇಮ್. ಹಗುರ ಗುದ್ದು ಅದಕ್ಕಿಂತ ಬೇಗ ಮುಗಿಯುತ್ತದೆ. ಅದನ್ನು ನೋಡಿ ತಡೆಯಲಾಗದು, ಊಹಿಸಿ ತಡೆಯಬೇಕು. ನೆಗೆತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ. ಅದನ್ನು ನೋಡಿಯೇ ಎದುರಿಸಬಹುದು. ಊಹೆಗೆ ಬಿಟ್ಟದ್ದು ಎಷ್ಟು, ಕಣ್ಣಿಗೆ ಬಿಟ್ಟದ್ದು ಎಷ್ಟು ಎಂಬ ಹದವೇ ಆಟದ ರುಚಿ. ನಾಲ್ಕು ಫ್ರೇಮ್ ಅತ್ತಿತ್ತ ಆದರೆ ನೋಡಿ ತಡೆಯಬಹುದಾಗಿದ್ದ ಏಟು ತಡೆಯಲಾಗದ ಏಟಾಗುತ್ತದೆ. ಆಗ ಅದು ಬೇರೆಯೇ ಆಟ.

ಆವೃತ್ತಿಯ ಮೇಲೆ ಆವೃತ್ತಿ

ಈ ಆಟದಷ್ಟು ಬೇಗಬೇಗ ಪರಿಷ್ಕರಣೆ ಕಂಡ ಆಟಗಳು ಕಡಿಮೆ. 1992ರಲ್ಲಿ ‘ಚಾಂಪಿಯನ್ ಎಡಿಷನ್’ ಬಂತು. ಯಂತ್ರದ ಕೈಯಲ್ಲಷ್ಟೇ ಇದ್ದ ನಾಲ್ವರು ನಾಯಕರು ಆಟಗಾರರಿಗೂ ಸಿಕ್ಕರು, ಇಬ್ಬರೂ ಒಂದೇ ಪಾತ್ರ ಆರಿಸಿಕೊಳ್ಳಬಹುದಾಯಿತು. ಅಷ್ಟರಲ್ಲಿ ಯಾರೋ ಬೋರ್ಡಿನ ಚಿಪ್ ಬದಲಿಸಿ, ವೇಗ ಹೆಚ್ಚಿಸಿ, ನಿಯಮಗಳನ್ನೆಲ್ಲ ಅಡಿಮೇಲು ಮಾಡಿದ ಕಳ್ಳ ಆವೃತ್ತಿಗಳನ್ನು ಅಂಗಡಿಗಳಿಗೆ ಬಿಟ್ಟರು. ಜನ ಆ ವೇಗಕ್ಕೆ ಮನಸೋತರು. ಕ್ಯಾಪ್‌ಕಾಂ ಅದೇ ವರ್ಷದ ಕೊನೆಗೆ ‘ಹೈಪರ್ ಫೈಟಿಂಗ್’ ಎಂಬ ಅಧಿಕೃತ ವೇಗದ ಆವೃತ್ತಿ ತಂದಿತು. 1993ರಲ್ಲಿ ‘ಸೂಪರ್’, 1994ರಲ್ಲಿ ‘ಸೂಪರ್ ಟರ್ಬೊ’. ಈ ಕೊನೆಯದನ್ನು ಸ್ಪರ್ಧಿಗಳು ಇಂದಿಗೂ ಆಡುತ್ತಾರೆ.

ಪರಿಷ್ಕರಣೆಗಿಂತ ಮೊದಲೇ ಒಂದು ತಪ್ಪು ವರವಾಗಿತ್ತು. ಮೊದಲ ಆವೃತ್ತಿ ತಯಾರಾಗುವಾಗ, ಕಾರನ್ನು ಗುದ್ದಿ ಪುಡಿಮಾಡುವ ಬಹುಮಾನದ ಸುತ್ತಿನಲ್ಲಿ ನೊರಿತಕಾ ಫುನಮಿಜು ಒಂದು ವಿಚಿತ್ರ ಗಮನಿಸಿದರು. ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿದರೆ ಒಂದು ಏಟಿನ ಬೆನ್ನಿಗೇ ಇನ್ನೊಂದು ಸೇರಿಕೊಳ್ಳುತ್ತಿತ್ತು. ಎದುರಾಳಿ ಮೊದಲ ಏಟಿನಿಂದ ಚೇತರಿಸಿಕೊಳ್ಳುವ ಮೊದಲೇ ಎರಡನೆಯದು ಬೀಳುತ್ತಿತ್ತು. ಅದನ್ನು ಸರಿಪಡಿಸದೆ ಗುಟ್ಟಾಗಿ ಹಾಗೆಯೇ ಬಿಟ್ಟರು. ಜಗತ್ತಿನ ಹೊಡೆದಾಟದ ಆಟಗಳೆಲ್ಲ ಇಂದು ಕಲಿಸುವ ‘ಕಾಂಬೊ’ ಅಲ್ಲಿಂದ ಬೆಳೆಯಿತು. ಇದೂ ಫ್ರೇಮುಗಳ ಕೂಡಿಕೆ ಕಳೆಯುವಿಕೆಯೇ: ಎದುರಾಳಿ ತತ್ತರಿಸುವ ಕಾಲ ನನ್ನ ಮುಂದಿನ ಏಟು ಏಳುವ ಕಾಲಕ್ಕಿಂತ ಹೆಚ್ಚಿರಬೇಕು, ಅಷ್ಟೆ.

ಅರವತ್ತೇ ಏಕೆ ಎಂಬ ಪ್ರಶ್ನೆಗೆ ಉತ್ತರ ವಿದ್ಯುತ್ತಿನಲ್ಲಿದೆ. ಕೆಜಿಎಫ್‌ನವರಿಗೆ ಇದು ಮನೆಯ ವಿಷಯ. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರ ತಂತಿ ಎಳೆದು ಈ ಗಣಿಗಳಿಗೆ ವಿದ್ಯುತ್ ತಂದಾಗ ಯಾವ ಊರಿನ ವಿದ್ಯುತ್ ಸೆಕೆಂಡಿಗೆ ಎಷ್ಟು ಆವರ್ತ ಪೂರೈಸಬೇಕೆಂಬ ಒಪ್ಪಂದ ಜಗತ್ತಿನಲ್ಲಿ ಇರಲಿಲ್ಲ. ಮುಂದೆ ಅಮೆರಿಕ 60ಕ್ಕೆ ನಿಂತಿತು. ಯೂರೋಪು, ಭಾರತ 50ಕ್ಕೆ ನಿಂತವು. ಹಳೆಯ ಟೀವಿಗಳು ಈ ಎರಡು ಲಯಗಳಲ್ಲಿ ಒಂದಕ್ಕೆ ಹೊಂದಿಕೊಂಡವು: ಅಮೆರಿಕ, ಜಪಾನಿನಲ್ಲಿ ಸೆಕೆಂಡಿಗೆ 60 ಸಲ, ಯೂರೋಪು ಮತ್ತು ಭಾರತದಲ್ಲಿ 50 ಸಲ ಚಿತ್ರ ಗೀಚುವುದು. ಆಟ ಒಂದು ಚಿತ್ರಕ್ಕೆ ಒಂದು ಹೆಜ್ಜೆ ಇಡುವುದರಿಂದ, 60ಕ್ಕೆಂದು ಬರೆದ ಆಟವನ್ನು 50ರ ಟೀವಿಗೆ ಸಿಕ್ಕಿಸಿದರೆ ಅದು ಆರನೇ ಒಂದು ಪಾಲು ನಿಧಾನವಾಗುತ್ತದೆ. ಯೂರೋಪಿನಲ್ಲಿ ಮಾರಾಟವಾದ ಸ್ಟ್ರೀಟ್ ಫೈಟರ್ 2ರ ಮನೆ ಆವೃತ್ತಿಗೆ ಆದದ್ದು ಇದೇ. ಒಂದು ಚುಕ್ಕಿಯೂ ಬದಲಾಗದೆ ಆಟ ಬದಲಾಯಿತು.

ಹೊಸ ಚಿತ್ರ, ಹಳೆಯ ಎಲುಬು

2008ರಲ್ಲಿ ‘ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ ಎಚ್‌ಡಿ ರೀಮಿಕ್ಸ್’ ಬಂತು. ಬ್ಯಾಕ್‌ಬೋನ್ ಎಂಟರ್‌ಟೈನ್‌ಮೆಂಟ್ ಅದನ್ನು ಕಟ್ಟಿತು. ಚಿತ್ರ ಬರೆದದ್ದು ಸ್ಟ್ರೀಟ್ ಫೈಟರ್ ಕಾಮಿಕ್ಸ್ ಪ್ರಕಟಿಸುವ ಕೆನಡಾದ ಉಡಾನ್. ಸಂಗೀತ ಆಟದ ಅಭಿಮಾನಿ ಸಂಗೀತಗಾರರ ಬಳಗದ್ದು. ನಿಯಮಗಳ ಹದ ತಿದ್ದಿದವರು ಸ್ವತಃ ಸ್ಪರ್ಧಿಯಾಗಿದ್ದ ಡೇವಿಡ್ ಸರ್ಲಿನ್.

ಹಳೆಯ ಪರದೆಯಲ್ಲಿ ಇದ್ದದ್ದು ಸುಮಾರು 86,000 ಚುಕ್ಕಿ. ಪೂರ್ಣ ಎಚ್‌ಡಿ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು, ಸರಿಸುಮಾರು 24 ಪಟ್ಟು. ಚಿತ್ರಕಾರರು ಪ್ರತಿ ಭಂಗಿಯನ್ನೂ ಕೈಯಿಂದ ಹೊಸದಾಗಿ ಬರೆದರು. ಆದರೆ ಅವರಿಗೆ ಒಂದು ಕಟ್ಟುಪಾಡಿತ್ತು. ಭಂಗಿಗಳ ಸಂಖ್ಯೆ ಹೆಚ್ಚಿಸುವಂತಿಲ್ಲ. ಹಳೆಯ ಆಟದಲ್ಲಿ ಮೂರು ಭಂಗಿಯ ಗುದ್ದಿದ್ದರೆ ಹೊಸದರಲ್ಲೂ ಮೂರೇ. ನಡುನಡುವೆ ಇನ್ನಷ್ಟು ಭಂಗಿ ತುರುಕಿ ನುಣುಪಾಗಿಸಿದ್ದರೆ ಚಲನೆ ಚೆಂದವಾಗುತ್ತಿತ್ತೇನೋ. ಆಗ ಒಂದೋ ಗುದ್ದಿನ ಅವಧಿ ಹಿಗ್ಗಬೇಕಿತ್ತು, ಇಲ್ಲವೇ ಚಿತ್ರಕ್ಕೂ ಆಯತಕ್ಕೂ ತಾಳ ತಪ್ಪಬೇಕಿತ್ತು. ಹೊಸ ಚರ್ಮದ ಕೆಳಗೆ ಹಳೆಯ ಎಲುಬು ಅಲುಗದೆ ಉಳಿಯಬೇಕಿತ್ತು. ಆ ಸಂಯಮವನ್ನು ನಾನು ಈ ಆವೃತ್ತಿಯ ದೊಡ್ಡ ಗುಣವೆಂದು ಎಣಿಸುತ್ತೇನೆ.

ಸರ್ಲಿನ್ ಮಾಡಿದ ಬದಲಾವಣೆಗಳಲ್ಲಿ ಒಂದು ಬಹಳ ಯೋಚನೆಗೆ ಹಚ್ಚುತ್ತದೆ. ರಷ್ಯಾದ ಕುಸ್ತಿಪಟು ಜಾಂಗೀಫ್‌ನ ಪ್ರಸಿದ್ಧ ಪಟ್ಟಿಗೆ ಹಳೆಯ ಆಟದಲ್ಲಿ ಜಾಯ್‌ಸ್ಟಿಕ್ಕನ್ನು ಪೂರ್ತಿ ಒಂದು ಸುತ್ತು ತಿರುಗಿಸಬೇಕಿತ್ತು. ಸುತ್ತುವಾಗ ಕಡ್ಡಿ ಮೇಲಕ್ಕೆ ಹೋದರೆ ಅವನು ನೆಗೆದೇಬಿಡುವ ಅಪಾಯ. ಹೊಸ ಆವೃತ್ತಿಯಲ್ಲಿ ಆ ಆಜ್ಞೆಯನ್ನು ಸುಲಭ ಮಾಡಿದರು. ಹೊಸಬರಿಗೆ ಬಾಗಿಲು ತೆರೆಯಿತು. ಆದರೆ ಕಷ್ಟದ ಆಜ್ಞೆಗೂ ಒಂದು ಕಾಲದ ಬೆಲೆ ಇದೆ: ಕಡ್ಡಿ ಸುತ್ತಲು ಹಿಡಿಯುವ ಫ್ರೇಮುಗಳೂ ಆ ಪಟ್ಟಿನ ಅವಧಿಗೆ ಸೇರಿದವೇ. ಬೆರಳ ಕೆಲಸ ಕಡಿಮೆಯಾದರೆ ಪಟ್ಟು ಬಲವಾಗುತ್ತದೆ, ಉಳಿದ ಕಡೆ ತೂಕ ಸರಿದೂಗಿಸಬೇಕಾಗುತ್ತದೆ. ಹದ ಎಲ್ಲ ಕಡೆಯೂ ಕೂಡಿಬರಲಿಲ್ಲ. ಗುಪ್ತ ಪಾತ್ರವಾದ ಅಕುಮಾನನ್ನು ತಿದ್ದಿದರೂ ಅವನು ಉಳಿದವರಿಗಿಂತ ಬಲಶಾಲಿಯಾಗಿಯೇ ಉಳಿದ. ಸ್ಪರ್ಧೆಗಳಲ್ಲಿ ಅವನನ್ನು ನಿಷೇಧಿಸಬೇಕಾಯಿತು.

ಇನ್ನೊಂದು ತೊಡಕು ಆಟದ ಹೊರಗಿತ್ತು. ಹಳೆಯ ದಪ್ಪ ಟೀವಿ, ಅಂದರೆ ಸಿಆರ್‌ಟಿ, ಬಂದ ಸಂಕೇತವನ್ನು ಬಂದ ಹಾಗೇ ಗೆರೆಗೆರೆಯಾಗಿ ಗೀಚುತ್ತಿತ್ತು. ಚಪ್ಪಟೆ ಟೀವಿ ಇಡೀ ಚಿತ್ರವನ್ನು ಮೊದಲು ನೆನಪಿನಲ್ಲಿಟ್ಟು, ಹಿಗ್ಗಿಸಿ, ಬಣ್ಣ ತಿದ್ದಿ, ಆಮೇಲೆ ತೋರಿಸುತ್ತದೆ. ಇದಕ್ಕೆ ಕೆಲವು ಟೀವಿಗಳಲ್ಲಿ ಹಲವು ಫ್ರೇಮುಗಳಷ್ಟು ಕಾಲ ಬೇಕು. ಈಗಿನ ಟೀವಿಗಳಲ್ಲಿರುವ ‘ಗೇಮ್ ಮೋಡ್’ ಮಾಡುವುದು ಈ ಅಲಂಕಾರವನ್ನೆಲ್ಲ ಬದಿಗಿಟ್ಟು ಬೇಗ ತೋರಿಸುವ ಕೆಲಸ.

ದೂರದ ಎದುರಾಳಿ

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಇಂಟರ್ನೆಟ್ಟಿನದು. ಹಳೆಯ ಅಂಗಡಿಯಲ್ಲಿ ಇಬ್ಬರ ಭುಜಕ್ಕೆ ಭುಜ ತಾಗುತ್ತಿತ್ತು. ಎರಡೂ ಜಾಯ್‌ಸ್ಟಿಕ್ಕಿನ ತಂತಿ ಒಂದೇ ಬೋರ್ಡಿಗೆ ಹೋಗುತ್ತಿತ್ತು. ಈಗ ಒಬ್ಬ ಬಂಗಾರಪೇಟೆಯಲ್ಲಿ, ಇನ್ನೊಬ್ಬ ಒಸಾಕಾದಲ್ಲಿ ಇದ್ದಾನೆನ್ನಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬಂಗಾರಪೇಟೆಯಿಂದ ಒಸಾಕಾಕ್ಕೆ ಭೂಮಿಯ ಮೇಲಿನ ನೇರ ದೂರ ಸುಮಾರು 6,200 ಕಿಲೋಮೀಟರ್. ಕೇಬಲ್ ನೆಟ್ಟಗೆ ಹೋದರೂ 31 ಮಿಲಿಸೆಕೆಂಡು ಬೇಕು, ಹೆಚ್ಚುಕಡಿಮೆ ಎರಡು ಫ್ರೇಮ್. ಸಮುದ್ರದಡಿಯ ಕೇಬಲ್ ನೆಟ್ಟಗೆ ಹೋಗುವುದಿಲ್ಲ. ದಾರಿಯುದ್ದಕ್ಕೂ ರೂಟರುಗಳು ತಡೆದು ತಡೆದು ಕಳಿಸುತ್ತವೆ. ಮೊಬೈಲ್ ಟವರಿನ ಮೂಲಕವಾದರೆ 70 ಕಿಲೋಮೀಟರ್ ದೂರದ ಬೆಂಗಳೂರೂ ಹಲವು ಮಿಲಿಸೆಕೆಂಡು ದೂರ.

ಎದುರಾಳಿ ಈ ಕ್ಷಣ ಯಾವ ಗುಂಡಿ ಒತ್ತಿದ ಎಂಬುದು ನನಗೆ ಈ ಕ್ಷಣ ತಿಳಿಯುವಂತೆಯೇ ಇಲ್ಲ. ಮೊದಲಿನ ಪರಿಹಾರ ಕಾಯುವುದು. ಇಬ್ಬರ ಆಜ್ಞೆಯೂ ಬರುವವರೆಗೆ ಎರಡೂ ಯಂತ್ರ ತಡೆದು, ಆಮೇಲೆ ಹೆಜ್ಜೆ ಇಡುತ್ತವೆ. ಫಲ ನ್ಯಾಯವಾದದ್ದೇ, ಆದರೆ ಗುಂಡಿ ಒತ್ತಿದಾಗಲೆಲ್ಲ ಕೈ ಕೆಸರಿನಲ್ಲಿ ಹೂತಂತೆ. ಜಾಲದ ವೇಗ ಏರುಪೇರಾದರೆ ತಡವೂ ಏರುಪೇರು. ಬೆರಳು ರೂಢಿಸಿಕೊಂಡ ತಾಳವೆಲ್ಲ ಮಣ್ಣುಪಾಲು.

2006ರಲ್ಲಿ ಟೋನಿ ಕ್ಯಾನನ್ ಬೇರೆ ದಾರಿ ತೋರಿಸಿದರು. ಇವರು ‘ಇವೊ’ ಎಂಬ ದೊಡ್ಡ ಸ್ಪರ್ಧೆಯ ಸ್ಥಾಪಕರಲ್ಲೊಬ್ಬರು. ಹೈಪರ್ ಫೈಟಿಂಗ್‌ನ ಆಗಿನ ಆನ್‌ಲೈನ್ ಆವೃತ್ತಿ ಅವರಿಗೆ ಆಡುವಂತಿರಲಿಲ್ಲ. ಅವರು ಬರೆದ ವ್ಯವಸ್ಥೆಯ ಹೆಸರು ಜಿಜಿಪಿಒ. ವಿಧಾನದ ಹೆಸರು ರೋಲ್‌ಬ್ಯಾಕ್. ಅದು ಕಾಯುವುದಿಲ್ಲ, ಊಹಿಸುತ್ತದೆ. ಎದುರಾಳಿ ಕಳೆದ ಫ್ರೇಮಿನಲ್ಲಿ ಏನು ಮಾಡುತ್ತಿದ್ದನೋ ಈಗಲೂ ಅದನ್ನೇ ಮಾಡುತ್ತಿದ್ದಾನೆ ಎಂದುಕೊಂಡು ಮುಂದೆ ಹೆಜ್ಜೆ ಇಡುತ್ತದೆ. ಬಂಗಾರಪೇಟೆಯ ಪಾನಿಪೂರಿ ಗಾಡಿಯವರು ಪ್ರತಿ ಪೂರಿಗೂ ‘ಇನ್ನೊಂದು ಹಾಕಲಾ’ ಎಂದು ಕೇಳಿ ಕಾಯುವುದಿಲ್ಲ. ಗಿರಾಕಿ ತಿನ್ನುತ್ತಿದ್ದಾನೆ ಎಂದಮೇಲೆ ಮುಂದಿನದು ಸಿದ್ಧವಾಗಿರುತ್ತದೆ, ಸಾಕು ಎಂದಾಗ ಮಾತ್ರ ಕೈ ಹಿಂದೆ. ಆಟಗಾರನೂ ಹಾಗೆಯೇ. ಸೆಕೆಂಡಿನ 60 ಫ್ರೇಮುಗಳಲ್ಲಿ ಅವನ ಬೆರಳು ನಿಲುವು ಬದಲಿಸುವುದು ಕೆಲವೇ ಸಲ. ಆದ್ದರಿಂದ ಊಹೆ ಬಹುಪಾಲು ನಿಜವಾಗುತ್ತದೆ.

ಊಹೆ ತಪ್ಪಿದಾಗ ನಡೆಯುವುದು ನಿಜಕ್ಕೂ ಚೆಲುವಾದ ಕೆಲಸ. ಒಸಾಕಾದವನು ಮೂರು ಫ್ರೇಮ್ ಹಿಂದೆಯೇ ತಡೆಯುವ ಭಂಗಿಗೆ ಬಂದಿದ್ದ ಎಂಬ ಸುದ್ದಿ ಈಗ ಬಂತು. ನನ್ನ ಯಂತ್ರ ಪ್ರತಿ ಫ್ರೇಮಿನ ಸ್ಥಿತಿಯನ್ನೂ ಬರೆದಿಟ್ಟಿರುತ್ತದೆ: ಯಾರು ಎಲ್ಲಿದ್ದಾರೆ, ಎಷ್ಟು ಶಕ್ತಿ ಉಳಿದಿದೆ, ಯಾವ ಭಂಗಿಯ ಎಷ್ಟನೇ ಫ್ರೇಮ್. ಮೂರು ಫ್ರೇಮ್ ಹಿಂದಿನ ಸ್ಥಿತಿಗೆ ಮರಳುತ್ತದೆ, ನಿಜವಾದ ಆಜ್ಞೆ ಹಾಕಿ ಆ ಮೂರನ್ನೂ ಮತ್ತೆ ಆಡಿಸುತ್ತದೆ, ಮುಂದಿನ ಚಿತ್ರ ತೋರಿಸುವಷ್ಟರಲ್ಲಿ ಇಂದಿಗೆ ಬಂದು ಸೇರುತ್ತದೆ. ಇದೆಲ್ಲ 16.7 ಮಿಲಿಸೆಕೆಂಡಿನೊಳಗೆ. ಇದಕ್ಕೆ ಒಂದು ಷರತ್ತಿದೆ. ಒಂದೇ ಸ್ಥಿತಿಗೆ ಒಂದೇ ಆಜ್ಞೆ ಕೊಟ್ಟರೆ ಎರಡೂ ಯಂತ್ರದಲ್ಲಿ ಕರಾರುವಾಕ್ಕಾಗಿ ಒಂದೇ ಫಲ ಬರಬೇಕು. ‘ಅದೃಷ್ಟ’ದ ಅಂಕಿಗಳೂ ಬರೆದಿಟ್ಟ ಸ್ಥಿತಿಯ ಭಾಗವೇ ಆಗಿರಬೇಕು. 1990ರ ದಶಕದ ಆಟಗಳಿಗೆ ಈ ವಿಧಾನ ಹೇಳಿ ಮಾಡಿಸಿದಂತಿದೆ: ಅವುಗಳ ಸ್ಥಿತಿ ಚಿಕ್ಕದು, ಇಂದಿನ ಯಂತ್ರ ಅವನ್ನು ಕಣ್ಣುಮುಚ್ಚಿ ತೆಗೆಯುವುದರೊಳಗೆ ಹಲವು ಸಲ ಆಡಿಸಬಲ್ಲದು. ಎಚ್‌ಡಿ ರೀಮಿಕ್ಸ್‌ನ ಆನ್‌ಲೈನ್ ಆಟವೂ ಇದೇ ತತ್ತ್ವದ್ದು.

ತಡವಾಗಿ ಬಂದ ಸುದ್ದಿಯಿಂದ ನಿಜವಾದ ಕ್ಷಣಕ್ಕೆ ಮರಳುವ ವಿದ್ಯೆ ಕೆಜಿಎಫ್‌ಗೆ ಹೊಸದಲ್ಲ. ಆಳದ ಗಣಿಗಳಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುತ್ತಿತ್ತು, ಎಷ್ಟೋ ಕಾರ್ಮಿಕರ ಪ್ರಾಣ ಹೋಗಿದೆ. ಸಿಡಿತ ಎಲ್ಲಿ ಆಯಿತೆಂದು ತಿಳಿಯಲು ನೆಲದಲ್ಲಿ ಅಲ್ಲಲ್ಲಿ ಕಂಪನ ಹಿಡಿಯುವ ಜಿಯೊಫೋನ್ ಹೂಡಿದ್ದರು. ಗಟ್ಟಿ ಬಂಡೆಯಲ್ಲಿ ಕಂಪನ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಸಾಗುತ್ತದೆ. ಒಂದೊಂದು ಜಿಯೊಫೋನ್ ಒಂದೊಂದು ಹೊತ್ತಿಗೆ ಅದನ್ನು ಕೇಳುತ್ತದೆ. ಆ ವ್ಯತ್ಯಾಸಗಳಿಂದ ಹಿಮ್ಮುಖವಾಗಿ ಲೆಕ್ಕ ಹಾಕಿದರೆ ಸಿಡಿತದ ಜಾಗ, ಗಳಿಗೆ ಎರಡೂ ಸಿಗುತ್ತವೆ. ಅಲ್ಲಿ ಪಣಕ್ಕಿದ್ದದ್ದು ಜೀವ, ಇಲ್ಲಿ ಆಟ. ತಿಳಿವಿನ ಬೇರು ಮಾತ್ರ ಒಂದೇ: ಸುದ್ದಿ ಬಂದ ಹೊತ್ತು ಬೇರೆ, ಘಟನೆ ನಡೆದ ಹೊತ್ತು ಬೇರೆ.

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಮಾರಿಕುಪ್ಪಂ, ಊರಿಗಾಂ, ಬಂಗಾರಪೇಟೆಗಳಿಂದ ಸಾವಿರಾರು ಜನ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರಲ್ಲಿ ಸಾಫ್ಟ್‌ವೇರ್ ಬರೆಯುವ ಹುಡುಗ ಹುಡುಗಿಯರೂ ಇದ್ದಾರೆ. ಅವರಿಗಾಗಿ ಈ ಮಾತು. ಜಿಜಿಪಿಒದ ಪೂರ್ತಿ ಕೋಡ್ 2019ರಿಂದ ಎಲ್ಲರಿಗೂ ಮುಕ್ತವಾಗಿದೆ. ಯಾರು ಬೇಕಾದರೂ ಓದಬಹುದು, ತಮ್ಮ ಆಟಕ್ಕೆ ಜೋಡಿಸಬಹುದು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರ್ ಸರಣಿಯ ಐದನೇ ಆಟ ಪದಕದ ಸ್ಪರ್ಧೆಯಾಗಿತ್ತು. ಅಂಥ ಕಣಕ್ಕೆ ಅಣಿಯಾಗುವ ಹುಡುಗ ಮಹಾನಗರದಲ್ಲೇ ಹುಟ್ಟಬೇಕಾಗಿಲ್ಲ ಎನ್ನುವ ಮಾತು ನಿಜವಾಗಬೇಕಾದರೆ ಸಣ್ಣ ಊರಿನ ನಿಧಾನದ ಜಾಲದಲ್ಲೂ ನ್ಯಾಯವಾದ ಕ್ಷಣ ಸಿಗಬೇಕು. ರೋಲ್‌ಬ್ಯಾಕ್ ಕೊಟ್ಟದ್ದು ಅದನ್ನು.

ಓದುಗರು ತಾವೇ ಮಾಡಬಹುದಾದ ಒಂದು ಪ್ರಯೋಗ ಇದೆ. ಈಗಿನ ಹಲವು ಮೊಬೈಲುಗಳು ಸೆಕೆಂಡಿಗೆ 240 ಚಿತ್ರ ತೆಗೆಯಬಲ್ಲವು. ಆಟದ ಗುಂಡಿ ಒತ್ತುವ ಹೆಬ್ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ನಿಧಾನಗತಿಯ ವಿಡಿಯೊ ತೆಗೆಯಿರಿ. ಹೆಬ್ಬೆರಳು ತಗ್ಗಿದ ಚಿತ್ರದಿಂದ ಪರದೆಯ ಕೈ ಅಲುಗಿದ ಚಿತ್ರದವರೆಗೆ ಎಣಿಸಿ. ಒಂದೊಂದು ಚಿತ್ರಕ್ಕೆ 4.2 ಮಿಲಿಸೆಕೆಂಡಿನಂತೆ ಗುಣಿಸಿದರೆ ನಿಮ್ಮ ಮನೆಯ ಯಂತ್ರ ನಿಮ್ಮಿಂದ ಕಸಿಯುವ ಕಾಲ ಎಷ್ಟೆಂದು ತಿಳಿಯುತ್ತದೆ. ಟೀವಿಯ ಗೇಮ್ ಮೋಡ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಅಳೆಯಿರಿ. ಹಳೆಯ ಆಟದ ಹೊಸ ಆವೃತ್ತಿಯನ್ನು ಕೊಳ್ಳುವ ಮೊದಲು ಅದರ ಚಿತ್ರ ಎಷ್ಟು ಚೆಂದ ಎಂದು ಕೇಳುವವರು ಬಹಳ ಮಂದಿ. ನಾವು ಮೊದಲು ಕೇಳಬೇಕಾದದ್ದು ಈ ಎಣಿಕೆಯನ್ನು.